ಎರಡೂವರೆ ಮೀಟರು

ದೂರು ಬಂದದ್ದು ಸೋಮವಾರ,
ಹತ್ತನೇ ತಾಕಿನ ಪೆಂಡ್ರಿ ಸಾಹೇಬರಿಂದ:
ಪಕ್ಕದ ಮುದುಕ ಟೊಮೆಟೊ ಹಾಕುವ ಜಾಗದಲ್ಲಿ
ಗೋಪುರ ಹಾಕುತ್ತಿದ್ದಾನೆ, ನನ್ನ ಈರುಳ್ಳಿಗೆ ನೆರಳು.

ನಾನು ಬೆಡ್‌ಫರ್ಡಿನ ಕಟ್ಟಡ ತಪಾಸಣೆಯವಳು.
ಹಳದಿ ಜಾಕೀಟು, ಟೇಪು, ಒಂದು ಫಾರ್ಮು.
ಕೋಳಿಗೂಡಿಗೂ ಗೋಪುರಕ್ಕೂ ಅದೇ ಫಾರ್ಮು:
ನೆಲದಿಂದ ಎತ್ತರ ಎರಡೂವರೆ ಮೀಟರು ಮೀರತಕ್ಕದ್ದಲ್ಲ.

ನಿಕಾಂದ್ರೊ, ಎಂಬತ್ತೇಳು.
ಹತ್ತೊಂಬತ್ತಕ್ಕೆ ಇಲ್ಲಿನ ಇಟ್ಟಿಗೆ ಗೂಡಿಗೆ ಬಂದವನು.
ಅಂಗೈ ನೋಡಿದರೆ ಗೊತ್ತಾಗುತ್ತದೆ, ಗೆರೆಗಳೇ ಇಲ್ಲ,
ಜ್ಯೋತಿಷಿಗೆ ತೋರಿಸಿದರೆ ಹುಟ್ಟೇ ಇಲ್ಲ ಅಂದಾನು.
"ಇಲ್ಲಿಯ ಮಣ್ಣಲ್ಲೇ ಎಣ್ಣೆಯಿತ್ತು ಸಿನ್ಯೋರಾ,
ಕಿಡಿ ತೋರಿಸಿದರೆ ಸಾಕು, ತನ್ನನ್ನು ತಾನೇ ಸುಟ್ಟುಕೊಳ್ಳುತ್ತಿತ್ತು."
ಇಟ್ಟಿಗೆಯ ಹೊಟ್ಟೆಯ ಗುಳಿಗೆ ಈ ದೇಶದಲ್ಲಿ ಕಪ್ಪೆ ಅನ್ನುತ್ತಾರೆ.
ಸಾವಿರಾರು ಕಪ್ಪೆ ಎತ್ತಿ ಎತ್ತಿ
ಅವನ ಬೆನ್ನು ಕೂತುಬಿಟ್ಟಿದೆ.

ಗೆಣ್ಣಿನಿಂದ ತಟ್ಟಿದೆ, ಕಲ್ಲಂಗಡಿ ತಟ್ಟುವ ಹಾಗೆ.
ಹೊರಗೊಂದು ಪದರ, ಒಳಗೊಂದು ಪದರ. ನಡುವೆ?
"ನಡುವೆ ಹೊಟ್ಟೆ" ಅಂದ.
"ನಮ್ಮ ಹಳೇ ಧಣಿಗಳು ಊರಿಗೆ ಕಾಣಲಿ ಅಂತ
ಕೆತ್ತಿದ ಕಲ್ಲು ಹೊರಗಿಟ್ಟರು.
ಒಳಗೆ ಹೊಳೆಗುಂಡು, ಒಡಕು ಹೆಂಚು,
ಸೋತ ಮನೆತನದ ಗೋಡೆಯ ಚೂರು,
ಮೇಲೆ ಸುಣ್ಣ, ಮತ್ತೆ ಚೂರು, ಮತ್ತೆ ಸುಣ್ಣ.
ಎಂಟುನೂರು ವರ್ಷ ನಿಂತಿದೆ ಆ ಕಸ."

ಇವನ ಹೊಟ್ಟೆಯಲ್ಲಿ ಏನಿದೆ, ಬರೆದುಕೊಂಡೆ:
ಇನ್‌ಕೊರೊನಾತಾಳ ಕಿವಿ ಮುರಿದ ಕಾಫಿ ಪಾತ್ರೆ,
ಒಡೆದ ಬಸಿಗಳು (ಒಂದು ನೆಲಕ್ಕೆ ಬಿದ್ದು, ಎರಡು ಜಗಳಕ್ಕೆ),
ಅವಳ ಹೊಲಿಗೆ ಮಿಶನ್ನಿನ ಚಕ್ರ,
ಇಟ್ಟಿಗೆ ಕಾರ್ಖಾನೆಯ ಕೊನೆಯ ಚಿಮಣಿ ಉರುಳಿದ ಮಾರನೇ ದಿನ
ಬೇಲಿಯಾಚೆ ಕೈಹಾಕಿ ಜೇಬಿಗಿಳಿಸಿದ ಒಂದು ಚೂರು.
"ಇದನ್ನು ಬರೆಯಬೇಡಿ."
ಹೊಡೆದುಹಾಕಿದೆ.

ಶೆಡ್ಡಿನ ಮೂಲೆಯಲ್ಲಿ ನೀಲಿ ಡ್ರಮ್ಮು,
ಮೂರು ಚಳಿಗಾಲ ನೀರಡಿಯಲ್ಲಿ ಕೊಳೆಹಾಕಿದ ಸುಣ್ಣ.
ಕರಣೆಯಲ್ಲಿ ಎತ್ತಿ ತೋರಿಸಿದ. ಬೆಳ್ಳಗೆ, ನುಣ್ಣಗೆ, ಅಲುಗದೆ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಕಲಿತವಳು ನಾನು;
ಇಲ್ಲಿ ಯಾವುದು ಯಾವುದೆಂದು ತಿಳಿಯದೆ
ಎರಡೂ ಕಣ್ಣರಳಿಸಿ ನಿಂತೆ.

ಆಮೇಲೆ ನಿಯಮ ಓದಿ ಹೇಳಿದೆ. ನಕ್ಕ.
ಕೆಮ್ಮು ಬರುವಷ್ಟು ನಕ್ಕ.
"ಅಲ್ಲೂ ಇದೇ! ಪುರಸಭೆಯ ಗೋಪುರಕ್ಕಿಂತ
ಯಾರ ಗೋಪುರವೂ ಎತ್ತರ ಇರಬಾರದು.
ಮೀರಿದವನ ತಲೆ ಕಡಿಯುತ್ತಿದ್ದರು, ಅಂದರೆ ಗೋಪುರದ್ದು.
ಆಗಲೂ ನಿಮ್ಮಂಥವರು ಹಗ್ಗ ಹಿಡಿದು ಬಂದಿರಬೇಕು ಸಿನ್ಯೋರಾ.
ಜಾಕೀಟು ಮಾತ್ರ ಹೊಸದು."

ಅಳೆದೆ. ಎರಡು ಪಾಯಿಂಟ್ ನಾಲ್ಕು ಮೂರು.
ಇನ್ನೊಂದು ವರಸೆ ಇಟ್ಟರೆ ಐದು ಮಿಲಿಮೀಟರು ಹೆಚ್ಚಾಗುತ್ತದೆ ಅಂದೆ.
ಆಗ ಸುಮ್ಮನಾದ.
ಇನ್‌ಕೊರೊನಾತಾ ಅಂದರೆ ಕಿರೀಟ ತೊಟ್ಟವಳು,
ಆ ವರಸೆ ಅವಳದು.
ತೆಗೆದಿಟ್ಟಿದ್ದ, ಹದಿನಾರು ಇಟ್ಟಿಗೆ, ತೊಳೆದು, ಬಟ್ಟೆ ಹೊದಿಸಿ.

ಏನಾದರೂ ಕೇಳಬೇಕಿತ್ತು, ಕೇಳಿದೆ:
ಗೋಡೆ ತುಂಬ ಈ ಚೌಕ ಗುಳಿಗಳು ಯಾಕೆ? ಮುಚ್ಚಲು ಮರೆತಿರಾ?
"ಅಟ್ಟಣಿಗೆಯ ಮರ ಚುಚ್ಚಿದ ಜಾಗ.
ಗೋಪುರ ಕಟ್ಟುವವನು ಗೋಪುರವನ್ನೇ ಮೆಟ್ಟಿ ಹತ್ತುತ್ತಾನೆ.
ಮುಚ್ಚಿದರೆ, ನಾಳೆ ರಿಪೇರಿಗೆ ಬರುವವನು
ಎಲ್ಲಿ ಕಾಲಿಡಬೇಕು?"
ಒಂದರಲ್ಲಿ ಆಗಲೇ ಜೇಡ ಬಾಡಿಗೆಗಿತ್ತು.

ನೆಲದಿಂದ, ಎನ್ನುತ್ತದೆ ಫಾರ್ಮು.
ಯಾವ ನೆಲ, ಎನ್ನುವುದಿಲ್ಲ.
ಅದನ್ನು ಎರಡು ಸಲ ಗಟ್ಟಿಯಾಗಿ ಓದಿದೆ,
ಬೇಲಿಯಾಚೆಯ ಪೆಂಡ್ರಿ ಸಾಹೇಬರಿಗೂ ಕೇಳುವ ಹಾಗೆ.
ಮುಂದಿನ ಗುರುವಾರ ಹೋದಾಗ
ಬುಡದ ಸುತ್ತ ಒಂಬತ್ತು ಗಾಡಿ ಕುದುರೆ ಗೊಬ್ಬರ,
ಮಟ್ಟಸವಾಗಿ ತುಳಿದದ್ದು, ಇನ್ನೂ ಆವಿಯಾಡುತ್ತಿತ್ತು.

ಎತ್ತರ: ನಿಯಮದೊಳಗೆ.
ಸಾಮಗ್ರಿ: ಇಟ್ಟಿಗೆ, ಸುಣ್ಣ, ಇತ್ಯಾದಿ.
ಗುಳಿಗಳು: ಹನ್ನೆರಡು. ಮುಚ್ಚಿಲ್ಲ.
ಮುಚ್ಚತಕ್ಕದ್ದಲ್ಲ.